ಜೀಪಿನೊಳಗೊಂದು ಗದ್ದುಗೆ

ಗುಜರಿಗೆ ಹಾಕಿದರೆ ಬರುವ ದುಡ್ಡಿಗಿಂತ ಹೆಚ್ಚು ಖರ್ಚು ಮಾಡಿ ಹಳೆಯ ಗಾಡಿಯೊಂದರ ಒಳಗನ್ನು ಅಂದಗೊಳಿಸುವುದು ಮೋಹವೇ, ಅಲ್ಲವೇ? ನಮ್ಮ ಅತ್ತಿಗೆ ಮೋಹ ಎನ್ನುತ್ತಾರೆ. ಅವರು ಬಾಯಿಮಾತಿಗೆ ಏನನ್ನೂ ಅನ್ನುವವರಲ್ಲ. ಮದುವೆಯಾಗಿ ಬಂದಾಗಿನಿಂದ ಲಿಂಗಪೂಜೆ ತಪ್ಪಿಸಿದವರಲ್ಲ. ಅಣ್ಣ ತೀರಿಕೊಂಡ ಮೇಲೆ ಅವನ ಅಂಗಿ ಪಂಚೆಗಳನ್ನು ಕಾರ್ಯ ಮುಗಿದ ದಿನವೇ ಬೇಕಾದವರಿಗೆ ಕೊಟ್ಟುಬಿಟ್ಟವರು. "ಅಲ್ಲಮ್ಮ, ಇಷ್ಟು ವರ್ಷ ಮಕ್ಕಳಿಗೆ ವಚನ ಪಾಠ ಮಾಡ್ದೋಳು ನೀನು. ಹೋದೋರ ಗಾಡೀಗೆ ಸಿಂಗಾರ ಮಾಡ್ತೀನಿ ಅಂತೀಯಲ್ಲ, ಇದಕ್ಕೇನಂತಾರೆ?" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಆಗ ಹೇಳಲಾಗದ್ದನ್ನು ನಿಧಾನವಾಗಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಅಣ್ಣನದು ಮಹೀಂದ್ರ ಕಮಾಂಡರ್ ಜೀಪು. ಉದ್ದನೆಯ ಗಾಡಿ, ಹಿಂದೆ ಎದುರುಬದುರು ಎರಡು ಬೆಂಚು, ಮೇಲೆ ಟಾರ್ಪಾಲಿನ ಹುಡ್. ತೊಂಬತ್ತರ ದಶಕದಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಒಳಹಳ್ಳಿಗಳಿಗೆ ಇಂಥವೇ ಬಸ್ಸು, ಇವೇ ಆಂಬುಲೆನ್ಸು, ಇವೇ ದಿಬ್ಬಣದ ಗಾಡಿ. ತಳಕು, ಹಿರೇಹಳ್ಳಿ, ಬಿ.ಜಿ. ಕೆರೆ, ಹಾನಗಲ್ ಎಂದು ಬಳ್ಳಾರಿ ರಸ್ತೆಯ ಊರುಗಳನ್ನು ಅಣ್ಣ ಒಂದೇ ಉಸಿರಿನಲ್ಲಿ ಕೂಗುತ್ತಿದ್ದ. ಶೇಂಗಾ ಸುಗ್ಗಿಯಲ್ಲಿ ಕಾಲಡಿಗೆ ಚೀಲ, ನಾಯಕನಹಟ್ಟಿ ಜಾತ್ರೆಯಲ್ಲಿ ಮಡ್ಗಾರ್ಡಿನ ಮೇಲೂ ಜನ. ಆಮೇಲೆ ಬಸ್ಸು ಹೆಚ್ಚಾದವು, ಮನೆಗೊಂದು ಬೈಕು ಬಂತು, ಜೀಪು ಹೊಲಕ್ಕೆ ಹೋಗಿಬರುವ ಗಾಡಿಯಾಯಿತು. ಎಂಜಿನ್ನು ಈಗಲೂ ಗಟ್ಟಿ. ಹದಿನೈದು ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗಳಿಗೆ ಐದೈದು ವರ್ಷಕ್ಕೆ ಮಾಡಿಸಬೇಕಾದ ಎಫ್‌ಸಿಯನ್ನೂ ಅಣ್ಣ ಬಿಡದೆ ಮಾಡಿಸಿದ್ದ. ಕೆಟ್ಟಿದ್ದು ಒಳಗು. ಸೀಟಿನ ರೆಕ್ಸಿನ್ ಬಿರುಕುಬಿಟ್ಟು ಬಿಸಿಲಲ್ಲಿ ತೊಡೆಗೆ ಚುಚ್ಚುತ್ತಿತ್ತು, ಬೆಂಚಿನ ಸ್ಪ್ರಿಂಗು ಮೇಲೆದ್ದಿತ್ತು, ಟೇಪ್‌ರೆಕಾರ್ಡರ್ ಕ್ಯಾಸೆಟ್ ನುಂಗಿ ಸುಮ್ಮನಾಗಿತ್ತು.

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಕುಶನ್ ಕೆಲಸ ಮಾಡುವ ಭಾಯಿಯೊಬ್ಬರ ಅಂಗಡಿಗೆ ಗಾಡಿ ಒಯ್ದೆವು. ಅವರು ಹಳೆಯ ಕವರನ್ನು ಹರಿದು ಎಸೆಯುವುದಿಲ್ಲ. ಬ್ಲೇಡಿನಿಂದ ಹೊಲಿಗೆಯ ದಾರವನ್ನಷ್ಟೇ ಕತ್ತರಿಸಿ, ತುಂಡು ತುಂಡಾಗಿ ಬಿಡಿಸಿ, ಹೊಸ ರೆಕ್ಸಿನ್ನಿನ ಮೇಲೆ ಹರವಿ ಸೀಮೆಸುಣ್ಣದಲ್ಲಿ ಅಂಚು ಎಳೆಯುತ್ತಾರೆ. ಅಳತೆಪಟ್ಟಿಗಿಂತ ಹಳೆಯ ಕವರೇ ಅವರಿಗೆ ಅಳತೆ. ಇಷ್ಟು ವರ್ಷ ಜನ ಕೂತು ಕೂತು ಸೀಟು ಯಾವ ಆಕಾರಕ್ಕೆ ಬಂದಿದೆಯೋ ಅದು ಪಟ್ಟಿಯಲ್ಲಿ ಸಿಗುವುದಿಲ್ಲ ಎಂದರು. ಫೋಮನ್ನು ಅಂಗೈಯಿಂದ ಒತ್ತಿಬಿಟ್ಟು, ಅದು ಎಷ್ಟು ಬೇಗ ಮೇಲೇಳುತ್ತದೆ ಎಂದು ನೋಡಿ ಒಂದನ್ನು ಬದಿಗಿಟ್ಟರು, ಇನ್ನೊಂದನ್ನು ಆರಿಸಿದರು. ಮೆದುವಾದದ್ದು ಅಂಗಡಿಯಲ್ಲಿ ಹಿತವಾಗಿರುತ್ತದೆ, ಹಳ್ಳಿ ದಾರಿಯಲ್ಲಿ ಸೊಂಟ ಮುರಿಯುತ್ತದಂತೆ. ಹಳೆಯ ಸೀಟಿನ ಹೊಟ್ಟೆಯಲ್ಲಿ ತೆಂಗಿನ ನಾರು, ಅದರ ಕೆಳಗೆ ಗೋಣಿತಾಟು, ತಾಟಿನ ಕೆಳಗೆ ತುಕ್ಕು ಹಿಡಿದ ಸ್ಪ್ರಿಂಗು. ನಾರಿನ ಸಂದಿಯಲ್ಲಿ ಶೇಂಗಾ ಸಿಪ್ಪೆ, ಗಾಜಿನ ಬಳೆಯ ಚೂರು, ತೇರಿಗೆ ಎಸೆಯುವ ದವನದ ಒಣಗಿದ ಕಡ್ಡಿ ಸಿಕ್ಕವು. ಭಾಯಿ ಅವನ್ನೆಲ್ಲ ಒಂದು ಕಾಗದದಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ಒಂದು ಗಾಡಿಯನ್ನು ಹೀಗೆ ಬಿಚ್ಚಿಟ್ಟಿದ್ದನ್ನು ನೋಡುತ್ತ ಕೂತರೆ ನಾಗಸೇನನ ನೆನಪು ಬರದೆ ಇರುವುದಿಲ್ಲ. 'ಮಿಲಿಂದಪಞ್ಹ' ಎಂಬ ಪಾಲಿ ಗ್ರಂಥದ ಭಿಕ್ಷು ಆತ. ಮಿಲಿಂದ ಎಂದರೆ ಕ್ರಿ.ಪೂ. 2ನೆಯ ಶತಮಾನದ ಗ್ರೀಕ್ ಮೂಲದ ದೊರೆ ಮಿನಾಂಡರ್. ನಾಗಸೇನ ಎಂಬುದು ಬರೀ ಹೆಸರು, ಅದರ ಹಿಂದೆ ನಿಂತ ಒಬ್ಬ ವ್ಯಕ್ತಿ ಸಿಗುವುದಿಲ್ಲ ಎಂದು ಭಿಕ್ಷು ಹೇಳಿದಾಗ ದೊರೆ ಒಪ್ಪುವುದಿಲ್ಲ. ಆಗ ನಾಗಸೇನ, ನೀನು ಇಲ್ಲಿಗೆ ನಡೆದು ಬಂದೆಯೋ ರಥದಲ್ಲಿ ಬಂದೆಯೋ ಎಂದು ಕೇಳುತ್ತಾನೆ. ರಥದಲ್ಲಿ ಎಂದರೆ, ರಥವನ್ನು ತೋರಿಸು: ಮೂಕಿ ರಥವೇ, ಅಚ್ಚು ರಥವೇ, ಗಾಲಿ, ನೊಗ, ಹಗ್ಗ ಇವುಗಳಲ್ಲಿ ಯಾವುದು ರಥ? ಯಾವುದೂ ಅಲ್ಲ. ಇವೆಲ್ಲ ಕೂಡಿದಾಗ ರಥ ಎಂಬ ಹೆಸರು ನಡೆಯುತ್ತದೆ, ಅಷ್ಟೆ. ಹಾಗೆಯೇ ಮನುಷ್ಯ.

ಇದಕ್ಕೂ ಹಿಂದಿನ ಇನ್ನೊಂದು ರಥ ಕಠೋಪನಿಷತ್ತಿನದು. ಅಲ್ಲಿ ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಒಳಗೆ ಕೂತ ಒಡೆಯ ಆತ್ಮ. ಒಂದು ರಥದಲ್ಲಿ ಒಡೆಯನಿದ್ದಾನೆ; ಇನ್ನೊಂದನ್ನು ಎಷ್ಟು ಬಿಚ್ಚಿದರೂ ಒಡೆಯ ಸಿಗುವುದಿಲ್ಲ. ಭಾರತದ ತತ್ವಶಾಸ್ತ್ರದ ಅರ್ಧ ಜಗಳ ಈ ಎರಡು ರಥಗಳ ನಡುವಿನದು. ಗ್ರೀಸಿನವರು ಇದನ್ನು ಹಡಗಿನ ಮೇಲೆ ಹೇಳಿದರು. ಥೀಸಿಯಸ್ಸನೆಂಬ ವೀರನ ಮೂವತ್ತು ಹುಟ್ಟುಗಳ ಹಡಗನ್ನು ಅಥೆನ್ಸಿನ ಜನ ಕಾಪಾಡಿಕೊಂಡು, ಕೊಳೆತ ಹಲಗೆ ತೆಗೆದು ಹೊಸದು ಜೋಡಿಸುತ್ತಾ ಬಂದರಂತೆ. ಇದು ಅದೇ ಹಡಗೋ ಬೇರೆಯೋ ಎಂದು ಅಲ್ಲಿನ ಪಂಡಿತರು ವಾದಿಸುತ್ತಿದ್ದರು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮದು ಹಡಗು ದೋಣಿಗಳ ಸೀಮೆಯಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಸೇರಿವೆ. ವೇದಾವತಿಗೆ ಕಟ್ಟಿದ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ಇಲ್ಲಿ ಈ ಪ್ರಶ್ನೆ ಕೇಳಬೇಕಾದರೆ ಜೀಪಿನ ಮೇಲೇ ಕೇಳಬೇಕು.

ಆದರೆ ಮಿಲಿಂದನ ರಥ, ಥೀಸಿಯಸ್ಸನ ಹಡಗು ಎರಡೂ ಕತೆಗಳಲ್ಲಿ ನನಗೊಂದು ಕೊರತೆ ಕಾಣುತ್ತದೆ. ಎರಡರಲ್ಲೂ ಪಂಡಿತರು ಮಾತಾಡುತ್ತಾರೆ, ಬಡಗಿ ಮಾತಾಡುವುದಿಲ್ಲ. ಹಲಗೆ ಬದಲಿಸಿದವನಿಗೆ ಅದು ಅದೇ ಹಡಗೋ ಅಲ್ಲವೋ ಎಂಬುದಕ್ಕಿಂತ ಮೊದಲು, ಇದರಲ್ಲಿ ಯಾರು ಎಲ್ಲಿ ಕೂರುತ್ತಾರೆ, ಎಷ್ಟು ಭಾರ ಬೀಳುತ್ತದೆ ಎಂಬುದು ಗೊತ್ತಿರಬೇಕು. ಭಾಯಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೂ ಅದೇ: "ಇದ್ರಾಗೆ ಯಾರ್ ಕೂರ್ತಾರಮ್ಮ, ವಯಸ್ಸಾದೋರಾ?" ಹೌದೆಂದೆ. ಬೆಂಚನ್ನು ಒಂದಿಷ್ಟು ಕೆಳಗಿಳಿಸಿ, ಹತ್ತುವ ಕಡೆ ಹಿಡಿದುಕೊಳ್ಳಲು ಕಂಬಿ ಕೂಡಿಸಿದರು. ರೆಕ್ಸಿನ್ನಿನ ಬಣ್ಣದ ಮಾತು ಆಮೇಲೆ ಬಂತು.

ಟೇಪಿನ ಕೆಲಸ ಬೇರೆ ಕಡೆ, ನೆಹರು ಸರ್ಕಲ್ಲಿನ ಹತ್ತಿರ ಒಬ್ಬ ಹುಡುಗನದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಾಗಸೇನ ರಥವನ್ನು ಬಿಚ್ಚಿದ, ಹಾಡನ್ನು ಬಿಚ್ಚಲಿಲ್ಲ.

ಹಳೆಯ ಟೇಪಿನ ಹೊಟ್ಟೆಯಲ್ಲಿ ಸಿಕ್ಕಿಬಿದ್ದಿದ್ದ ಕ್ಯಾಸೆಟ್ಟು ಅಂಗಡಿಯಿಂದ ಕೊಂಡದ್ದಲ್ಲ. ಒಮ್ಮೆ ನಾಯಕನಹಟ್ಟಿ ತೇರಿಗೆ ಹೋಗುವಾಗ ಹಿಂದಿನ ಬೆಂಚಿನಲ್ಲಿ ಕೂತ ಅಜ್ಜಿಯರು ಹಾಡಿಕೊಂಡು ಬಂದದ್ದನ್ನು ಅಣ್ಣ ಟೂ-ಇನ್-ಒನ್‌ನಲ್ಲಿ ತುಂಬಿಸಿಕೊಂಡಿದ್ದ. ಆ ಹೆಂಗಸರಲ್ಲಿ ಈಗ ಯಾರೂ ಉಳಿದಿಲ್ಲ. ಇದು ಹಾಡಿನ ಸೀಮೆ. ಇದೇ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಹಾಡು ನೆನಪಿನಲ್ಲಿಟ್ಟುಕೊಂಡಿದ್ದರು. ಕೃಷ್ಣಮೂರ್ತಿ ಹನೂರರು ಕೂತು ಬರೆದುಕೊಂಡಿದ್ದರಿಂದ ಅವರ ಹಾಡು ಪುಸ್ತಕವಾಯಿತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ನಮ್ಮ ಜೀಪಿನ ಅಜ್ಜಿಯರನ್ನು ಬರೆದುಕೊಂಡವರಿಲ್ಲ. ಇದ್ದದ್ದು ಆ ಒಂದು ಕ್ಯಾಸೆಟ್ಟು.

ಹುಡುಗ ಸ್ಕ್ರೂ ತೆಗೆದು, ಸುತ್ತಿಕೊಂಡ ಕಂದು ಪಟ್ಟಿಯನ್ನು ಪೆನ್ಸಿಲ್ಲಿನಿಂದ ಬಿಡಿಸಿ, ಬೇರೆ ಡೆಕ್ಕಿನಲ್ಲಿ ಹಾಕಿ, ವೈರಿನಿಂದ ಲ್ಯಾಪ್‌ಟಾಪಿಗೆ ಇಳಿಸಿ ಪೆನ್‌ಡ್ರೈವಿಗೆ ತುಂಬಿದ. ಆಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಹಾಡು ಎಲ್ಲಿದೆ? ಪಟ್ಟಿಯ ಮೇಲಿರುವುದು ಕಬ್ಬಿಣದ ಆಕ್ಸೈಡಿನ ಪುಡಿ, ಒಂದೊಂದು ಕಣದ ಕಾಂತಗುಣ ಒಂದೊಂದು ದಿಕ್ಕಿಗೆ ತಿರುಗಿದೆ, ಅದು ಹಾಡಲ್ಲ. ವೈರಿನಲ್ಲಿ ಹರಿಯುವ ವಿದ್ಯುತ್ತು ಹಾಡಲ್ಲ. ಪೆನ್‌ಡ್ರೈವಿನ ಸೊನ್ನೆ-ಒಂದುಗಳು ಹಾಡಲ್ಲ. ಸ್ಪೀಕರಿನ ಕಾಗದ ಅದುರುತ್ತದೆ, ಗಾಳಿ ಅಲುಗುತ್ತದೆ, ಕಿವಿಯ ತಮಟೆ ನಡುಗುತ್ತದೆ. ಇವುಗಳಲ್ಲಿ ಎಲ್ಲಿ ಕೈಯಿಟ್ಟರೂ ಹಾಡು ಸಿಗುವುದಿಲ್ಲ, ಹಾಡಿದ ಅಜ್ಜಿಯಂತೂ ಸಿಗುವುದೇ ಇಲ್ಲ. ಆದರೂ ಕೇಳಿಸಿತು. ಅಲ್ಲಿದ್ದ ಹುಡುಗನಿಗೂ ಕೇಳಿಸಿತು, ಅವನು ಕೆಲಸ ಬಿಟ್ಟು ಕೂತ. ಹಾಡು ಯಾವ ವಸ್ತುವಿನೊಳಗೂ ಇಲ್ಲ, ಒಂದರಿಂದ ಒಂದಕ್ಕೆ ದಾಟುವುದರಲ್ಲಿದೆ ಎಂದು ನನಗೆ ಅಲ್ಲಿ ತೋರಿತು. ದಾಟುವುದು ನಿಂತರೆ ಅಷ್ಟೇ, ಪುಡಿ ಪುಡಿಯಾಗಿ ಉಳಿಯುತ್ತದೆ.

ಹಾಡಿನ ಹಿಂದೆ ಡೀಸೆಲ್ ಎಂಜಿನ್ನಿನ ಗಡಗಡ ಇತ್ತು. ಅದನ್ನು ಕಂಪ್ಯೂಟರಿನಲ್ಲಿ ತೆಗೆದುಹಾಕಬಹುದು ಎಂದ ಹುಡುಗ. ಬೇಡವೆಂದೆ. ಏರು ಬಂದಾಗ ಎಂಜಿನ್ ದನಿ ಏರುತ್ತದೆ, ಅಜ್ಜಿಯರ ದನಿಯೂ ಏರುತ್ತದೆ. ಎರಡನ್ನೂ ಬಿಡಿಸಿದರೆ ಆ ದಾರಿ ಹೋಗಿಬಿಡುತ್ತದೆ.

ಹೊಸ ಸೆಟ್ಟು ದೊಡ್ಡದೇನಲ್ಲ. ಬ್ಲೂಟೂತ್ ಇರುವ ಒಂದು ಪ್ಲೇಯರು, ಎರಡು ಸ್ಪೀಕರು. ಬಾಗಿಲೇ ಸರಿಯಾಗಿಲ್ಲದ ಜೀಪಿಗೆ ಸ್ಪೀಕರನ್ನು ಹಾಗೇ ಕೂರಿಸಿದರೆ ದನಿ ತೆಳುವಾಗುತ್ತದೆ. ಕಾಗದ ಮುಂದೆ ತಳ್ಳಿದ ಗಾಳಿಯೂ ಹಿಂದೆ ತಳ್ಳಿದ ಗಾಳಿಯೂ ಕೂಡಿಕೊಂಡು ತಗ್ಗಿನ ಸ್ವರಗಳನ್ನು ಅಳಿಸಿಬಿಡುತ್ತವೆ. ಅದಕ್ಕೆ ದಪ್ಪ ಪ್ಲೈವುಡ್ಡಿನ ಮುಚ್ಚಿದ ಪೆಟ್ಟಿಗೆ ಮಾಡಿ ಮುಂದಿನ ಸೀಟಿನ ಹಿಂಬದಿಗೆ ಬಿಗಿದ. ಎಲ್ಲ ಮುಗಿದು ಗಾಡಿ ಚಾಲೂ ಮಾಡಿದರೆ, ಆಕ್ಸಿಲರೇಟರ್ ತುಳಿದಂತೆಲ್ಲ ಸ್ಪೀಕರಿನಲ್ಲಿ ಕುಯ್ಯೆಂಬ ಸದ್ದು ಏರುತ್ತಿತ್ತು. ಆಲ್ಟರ್ನೇಟರಿನ ಸದ್ದು ಅದು. ಅರ್ತಿಂಗ್ ಸರಿ ಇಲ್ಲದಾಗ ಹಾಡಿನ ದಾರಿಗೇ ಬಂದು ಸೇರುತ್ತದೆ. ತುಕ್ಕು ಹಿಡಿದ ಬಾಡಿಗೆ ಕಟ್ಟಿದ್ದ ವೈರು ಬಿಚ್ಚಿ, ಬ್ಯಾಟರಿಯ ನೆಗೆಟಿವ್‌ನಿಂದಲೇ ನೇರ ಒಂದು ವೈರು ಎಳೆದು, ಪಾಸಿಟಿವ್ ಕಡೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿದ. ಸದ್ದು ನಿಂತಿತು.

ಜೀಪು ಹೊರಟ ಮೊದಲ ದೊಡ್ಡ ಪ್ರಯಾಣ ಮೊಳಕಾಲ್ಮುರು ಕಡೆಗೆ, ಬ್ರಹ್ಮಗಿರಿಗೆ. ಅತ್ತಿಗೆಯೂ ಬಂದರು. ಗಾಡಿ ಓಡಿಸಿದವನು ಚಿಕ್ಕಂದಿನಲ್ಲಿ ಅಣ್ಣನ ಜೊತೆ ಕ್ಲೀನರ್ ಆಗಿ ಬಂದು ಡ್ರೈವರ್ ಆದವನು, ಮ್ಯಾಸನಾಯಕ ಸಮುದಾಯದ ಹಟ್ಟಿಯವನು. ನನ್ನನ್ನು ಅಕ್ಕ ಎನ್ನುತ್ತಾನೆ.

ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನವಿರುವ ಬಂಡೆಯಿದೆ, ಜನ ಅಕ್ಷರಗುಂಡು ಎನ್ನುತ್ತಾರೆ. ಇಲ್ಲಿ, ಪಕ್ಕದ ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ, ಹೀಗೆ ಮೂರು ಕಡೆ ಒಂದೇ ಬಗೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲೇ ಅಗೆದು, ಕಲ್ಲುಕೊಡಲಿ ಹಿಡಿದವರ ಕಾಲದಿಂದ ಜನ ಇಲ್ಲಿ ಬಾಳಿದ್ದರೆಂದು ತೋರಿಸಿಕೊಟ್ಟರು. ಶಾಸನ ಪ್ರಾಕೃತದಲ್ಲಿದೆ, ಬ್ರಾಹ್ಮಿ ಲಿಪಿ. ಅದರ ದಾರಿ ನನಗೆ ಯಾವಾಗಲೂ ಬೆರಗಿನದು. ದೊರೆಯ ಮಾತು ಸುವರ್ಣಗಿರಿಯಲ್ಲಿದ್ದ ರಾಜಕುಮಾರನಿಗೆ ಬಂದು, ಅವನ ಮಹಾಮಾತ್ರರೆಂಬ ಅಧಿಕಾರಿಗಳಿಂದ ಇಸಿಲವೆಂಬಲ್ಲಿನ ಮಹಾಮಾತ್ರರಿಗೆ ದಾಟಿ, ಲಿಪಿಕಾರನ ಕೈಗೆ ಬಂದು ಬಂಡೆಗೆ ಇಳಿದಿದೆ. ಆ ಲಿಪಿಕಾರನ ಹೆಸರು ಚಪಡ. ಕೊನೆಯಲ್ಲಿ ತಾನು ಲಿಪಿಕಾರನೆಂಬ ಮಾತನ್ನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ಗಾಂಧಾರದ ಕಡೆಯ ಲಿಪಿ. ದೊರೆಯ ಹೆಸರು ಇಲ್ಲಿಲ್ಲ, ಬಿರುದಷ್ಟೇ ಇದೆ. ಬರೆದವನ ಹೆಸರಿದೆ.

ಬರೆದಿರುವುದಾದರೂ ಏನು? ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು, ಮನೆಯವರು ಮನೆಯವರನ್ನು ತಕ್ಕಂತೆ ನಡೆಸಿಕೊಳ್ಳಬೇಕು. ಇದನ್ನು ದೊರೆ ಹೊಸ ಧರ್ಮವೆಂದು ಹೇಳಿಕೊಳ್ಳುವುದಿಲ್ಲ, ಇದು ಹಿಂದಿನಿಂದ ಬಂದ ನಡತೆ, ಆಯುಸ್ಸು ಕೊಡುವಂಥದು ಎನ್ನುತ್ತಾನೆ. ನಿತ್ಯವಾದ ಆತ್ಮವನ್ನು ಒಪ್ಪದ ಧರ್ಮಕ್ಕೆ ಒಲಿದ ದೊರೆ ಇವನು. ಒಳಗೆ ಉಳಿಯುವವನು ಯಾರೂ ಇಲ್ಲದಿದ್ದರೂ ನಡತೆ ಉಳಿಯುತ್ತದೆ, ಉಳಿಸಬೇಕು ಎಂದು ಬಂಡೆ ಕೆತ್ತಿಸಿದ. ಈ ಸೀಮೆಯ ಅತಿ ಹಳೆಯ ಬರಹ ಹೇಳುವುದು ಅದನ್ನು. ಜಟಿಂಗ ರಾಮೇಶ್ವರದ ಬಂಡೆ ಬಹಳ ಸವೆದುಹೋಗಿದೆ. ಜಾತ್ರೆಗೆ ಬಂದ ಬಳೆಗಾರರು ಅಲ್ಲೇ ಅಂಗಡಿ ಹೂಡುತ್ತಿದ್ದರು ಎನ್ನುತ್ತಾರೆ. ಅಕ್ಷರ ಸವೆದದ್ದಕ್ಕೆ ಸಂಶೋಧಕರು ಮರುಗುವುದು ಸರಿಯೇ. ಆದರೆ ಬೆಟ್ಟ ಹತ್ತಿ ಬಂದ ಹೆಂಗಸರು ಬಳೆ ತೊಟ್ಟು ಹೋದ ಜಾಗದಲ್ಲಿ ದಯೆಯ ಮಾತು ಸವೆಯಿತು ಎಂಬುದನ್ನು ನಾನು ಬರೀ ನಷ್ಟವೆಂದು ಎಣಿಸಲಾರೆ.

ವಾಪಸು ಬರುವಾಗ ಅತ್ತಿಗೆ ತಮ್ಮ ಪ್ರಶ್ನೆಗೇ ಬಂದರು. ಅವರ ಆಧಾರ ಗಟ್ಟಿಯಾದದ್ದು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ, ಅಂದರೆ ಈಗಿನ ಸೊಲ್ಲಾಪುರಕ್ಕೆ ಬಂದು, ಕೆರೆ ಕಟ್ಟಿಸುತ್ತಾ ಗುಡಿ ಎತ್ತಿಸುತ್ತಾ ಇದ್ದ ಸಿದ್ಧರಾಮನನ್ನು ಒಡ್ಡರಾಮನೆಂದು ಕೂಗುತ್ತಾನೆ. ಕಲ್ಲುಮಣ್ಣಿನ ಕೆಲಸದಲ್ಲಿ ನಿನ್ನನ್ನೇ ಮರೆತಿದ್ದೀಯಲ್ಲ ಎಂಬುದು ಅವನ ಆಕ್ಷೇಪ. ಸಿದ್ಧರಾಮ ಮೊದಲು ಕೆರಳಿ, ಆಮೇಲೆ ಅರಿತು, ಅವನ ಹಿಂದೆ ಕಲ್ಯಾಣಕ್ಕೆ ಹೋಗುತ್ತಾನೆ. ಕೆರೆಯಂಥ ಕೆರೆಗೇ ಅಲ್ಲಮ ಹಾಗೆಂದ ಮೇಲೆ ಜೀಪಿನ ರೆಕ್ಸಿನ್ನಿಗೆ ಏನನ್ನುತ್ತಿದ್ದ? ಅತ್ತಿಗೆಯ ವಾದ ಇದು. ನಾನು ಅಲ್ಲಮನನ್ನು ಪಕ್ಕಕ್ಕಿಟ್ಟು ಮಾತಾಡುವವಳಲ್ಲ. ಆದರೂ ನನ್ನ ಓದಿನಲ್ಲಿ ಅವನು ಕೆರೆಯನ್ನು ಬೈಯಲಿಲ್ಲ. 'ನಾನು ಕಟ್ಟಿಸಿದೆ' ಎಂಬ ನೆನಪು ಕೆರೆಯ ನೀರಿಗಿಂತ ಮೇಲೆ ತೇಲುತ್ತಿದ್ದುದನ್ನು ಬೈದ. ಸಿದ್ಧರಾಮ ಹೊರಟುಹೋದ, ಸೊಲ್ಲಾಪುರದ ಕೆರೆಯಲ್ಲಿ ನೀರು ಈಗಲೂ ಇದೆ. ಕಟ್ಟಿದವನು ಬಿಟ್ಟು ನಡೆದನೆಂಬುದೇ ಆ ಕೆಲಸವನ್ನು ಮೋಹದಿಂದ ಬಿಡಿಸಿತು. ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳೂ ಕೆರೆ ಕಟ್ಟಿಸಿದವರು, ಮಾಡಿದವರಿಗೆ ಮಾಡಿದಷ್ಟು ನೀಡು ಎಂದು ಬೇಡಿದವರು. ಅವರ ತೇರನ್ನು ಫಾಲ್ಗುಣದಲ್ಲಿ ಎಳೆಯುವಾಗ ನೋಡಬೇಕು. ಆ ರಥದ ಒಡೆಯ ಒಳಗೆ ಕೂತಿದ್ದಾನೆಂದು ಎಲ್ಲರೂ ನಂಬುತ್ತಾರೆ, ಆದರೆ ಮಿಣಿಗೆ ಕೈ ಹಾಕದೆ ಅದು ಒಂದು ಗೇಣೂ ಕದಲುವುದಿಲ್ಲ.

ತೇರಿನ ಮಾತಾಡುವಾಗ ಇನ್ನೊಂದು ಗಾಡಿಯನ್ನೂ ಹೇಳಬೇಕು. ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಓ ವಿಮಾನ ಪರೀಕ್ಷಾ ನೆಲೆಯಿದೆ. ಒಳಗೆ ಯಾರೂ ಕೂರದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನಾಗಿ ದಾರಿ ಹಿಡಿದು ಬಂದು ರನ್‌ವೇ ಮೇಲೆ ಇಳಿಯಿತು. ನಾಗಸೇನನಿಗೆ ಇದನ್ನು ತೋರಿಸಬೇಕಿತ್ತು. ಸಾರಥಿಯೂ ಇಲ್ಲ, ರಥಿಕನೂ ಇಲ್ಲ, ಆದರೂ ರಥ ತಪ್ಪದೆ ಬಂತು. ಎಷ್ಟೋ ಜನರ ಲೆಕ್ಕಾಚಾರ, ಎಚ್ಚರ, ವರ್ಷಗಟ್ಟಲೆಯ ದುಡಿಮೆ ಅದರೊಳಗೆ ದಾಟಿಕೊಂಡಿತ್ತು. ಆ ನೆಲ ಮೊದಲು ಅಮೃತಮಹಲ್ ಕಾವಲು, ಸುತ್ತಲ ಹಳ್ಳಿಗಳ ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು ಎಂಬುದನ್ನೂ ನಾನು ಮರೆಯುವುದಿಲ್ಲ. ಗೋಡೆ ಎದ್ದ ಮೇಲೆ ಕುರಿಗಾಹಿಗಳು ಸುತ್ತುಬಳಸಿ ನಡೆಯಬೇಕಾಯಿತು. ಇಂಥ ಹೊಸ ರಥಗಳಿಗೆ ದಾರಿ ಬಿಟ್ಟುಕೊಟ್ಟವರ ಹೆಸರನ್ನು ಯಾವ ಲಿಪಿಕಾರನೂ ಬರೆದಿಲ್ಲ.

ಅತ್ತಿಗೆಗೆ ಕೊನೆಗೆ ಉತ್ತರ ಕೊಟ್ಟದ್ದು ನಾನಲ್ಲ, ಸ್ಟಿಯರಿಂಗ್ ಹಿಡಿದವನು. ಅವರ ಹಟ್ಟಿಯಲ್ಲಿ ದೇವರ ಎತ್ತುಗಳಿವೆ. ಚಳ್ಳಕೆರೆ, ಮೊಳಕಾಲ್ಮುರಿನ ಮ್ಯಾಸನಾಯಕರ ಹಟ್ಟಿಗಳಲ್ಲಿ ಇಂಥ ಮಂದೆಗಳು ಇವತ್ತಿಗೂ ಇವೆ. ಆ ಎತ್ತುಗಳನ್ನು ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿ ಅವುಗಳ ಜೊತೆ ಅಡವಿಯಲ್ಲೇ ಇರುತ್ತಾನೆ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಬರ ಬಿದ್ದ ವರ್ಷ ತಮ್ಮ ದನಕ್ಕೇ ಮೇವಿಲ್ಲದವರೂ ದೇವರ ಎತ್ತಿಗೆ ಹೊರೆ ತಂದು ಹಾಕುತ್ತಾರೆ. "ಅತ್ತಿಗಮ್ಮ, ಅವು ನಮಗೇನ್ ಕೊಡ್ತಾವೆ? ಏನೂ ಇಲ್ಲ. ನಮ್ಮಪ್ಪ ಕಾಯ್ದ, ನಾನ್ ಕಾಯ್ತೀನಿ, ನಮ್ಮುಡುಗ್ರು ಕಾಯ್ತಾರೆ. ನಮ್ಮವು ಅಂತ ಮಾತ್ರ ಯಾರೂ ಅನ್ನಂಗಿಲ್ಲ" ಎಂದ. ಅತ್ತಿಗೆ ಏನೂ ಅನ್ನಲಿಲ್ಲ. ಒಪ್ಪಿದರೆಂದು ನಾನು ಹೇಳುತ್ತಿಲ್ಲ. ಮೋಹಕ್ಕೂ ಆರೈಕೆಗೂ ನಡುವಿನ ಗೆರೆಯನ್ನು ನಾನು ಪುಸ್ತಕದಲ್ಲಿ ಹುಡುಕುತ್ತಿದ್ದಾಗ ಅವನು ಗೇರ್ ಬದಲಿಸುತ್ತಾ ತೋರಿಸಿಬಿಟ್ಟ. ನಮ್ಮದು ಎನ್ನುವ ಹಕ್ಕು ಬಿಟ್ಟ ಮೇಲೂ ಮೇವು ಹಾಕುವ ಕೈ ನಿಲ್ಲದಿದ್ದರೆ ಅದು ಮೋಹವಲ್ಲ.

ಒಳಗಿನ ಅಲಂಕಾರದಲ್ಲಿ ಒಂದು ಮಾತ್ರ ನಾನೇ ಹಟ ಹಿಡಿದು ಮಾಡಿಸಿದ್ದು. ಹೊಸ ಬೆಂಚುಗಳ ಮೇಲೆ ಟವೆಲ್ ಕವರಿನ ಬದಲು ಚಳ್ಳಕೆರೆಯ ಕರಿ ಕಂಬಳಿ ಹಾಸಿಸಿದೆ. ಕೈಮಗ್ಗದಲ್ಲಿ ಕುರುಬರು ನೇಯ್ದದ್ದು, ಹುಣಿಸೆಬೀಜದ ಗಂಜಿ ಕೊಟ್ಟದ್ದು. ಮೊದಮೊದಲು ಗರಗರ ಅನ್ನುತ್ತದೆ, ಕೂತಂತೆ ಮೆದುವಾಗುತ್ತದೆ. ಇಲ್ಲಿ ದೇವರನ್ನು ಇಳಿಸುವುದಾದರೂ, ಕಟ್ಟೆಯಲ್ಲಿ ಪಂಚಾಯ್ತಿ ಕೂರುವುದಾದರೂ, ಹಿರಿಯರು ಬಂದರೂ ಮೊದಲು ಕಂಬಳಿ ಹಾಸಿ ಗದ್ದುಗೆ ಮಾಡುತ್ತಾರೆ. ಯಾರು ಬರುತ್ತಾರೆಂದು ಗೊತ್ತಿಲ್ಲದಿದ್ದರೂ ಹಾಸಬಹುದು. ಬಂದವರು ಎದ್ದು ಹೋದ ಮೇಲೆ ಮಡಚಿಡಬಹುದು. ಕಠೋಪನಿಷತ್ತಿನ ಒಡೆಯ ರಥದಲ್ಲಿ ಇದ್ದಾನೋ, ನಾಗಸೇನ ಹೇಳಿದಂತೆ ಇಲ್ಲವೋ, ಅದನ್ನು ತೀರ್ಮಾನಿಸುವ ಶಕ್ತಿ ನನಗಿಲ್ಲ. ಗದ್ದುಗೆ ಹಾಸುವ ಕೆಲಸಕ್ಕೆ ಆ ತೀರ್ಮಾನ ಬೇಕಾಗಿಯೂ ಇಲ್ಲ ಎಂಬುದು ನನ್ನ ನಂಬಿಕೆ. ಮಂಡಿನೋವಿನ ಹೆಂಗಸೊಬ್ಬಳು ಕಂಬಿ ಹಿಡಿದು ಹತ್ತಿ, ಸ್ಪ್ರಿಂಗು ಚುಚ್ಚದೆ ಕೂತು, ತನ್ನ ಸೀಮೆಯ ಹಾಡು ಕೇಳುತ್ತ ಆಸ್ಪತ್ರೆಗೆ ಹೋಗಿ ಬರುವುದಕ್ಕೆ ಅವಳೊಳಗೆ ನಿತ್ಯವಾದದ್ದು ಇದೆಯೇ ಎಂದು ಕೇಳಬೇಕಿಲ್ಲ.

ಸ್ಟೀರಿಯೋ ಬಗ್ಗೆ ನನಗೊಂದೇ ನಿಯಮ. ಗಾಡಿಯೊಳಗಿನವರಿಗೆ ಕೇಳಿದರೆ ಸಾಕು. ಜಾತ್ರೆಗಳಲ್ಲಿ ಟ್ರ್ಯಾಕ್ಟರುಗಳ ಮೇಲೆ ಎದೆ ನಡುಗುವಷ್ಟು ಸ್ಪೀಕರ್ ಪೇರಿಸಿ ಹೋಗುವವರು ಅದನ್ನೂ ಭಕ್ತಿ ಎನ್ನುತ್ತಾರೆ. ಕೇಳಲೆಂದು ಬಾರದವನ ಕಿವಿಗೆ ತುಂಬುವ ಹಾಡಿನಲ್ಲಿ ನನಗೆ ಭಕ್ತಿ ಕಾಣುವುದಿಲ್ಲ.

ಈಗ ಗಾಡಿಯನ್ನು ಡ್ರೈವರನ ಹೆಸರಿಗೆ ಮಾಡಿಸುತ್ತಿದ್ದೇವೆ. ಆರ್‌ಸಿ ವರ್ಗಾವಣೆಯ ಕಾಗದಗಳಿಗೆ ಅತ್ತಿಗೆ ಸಹಿ ಹಾಕಿ ಆಗಿದೆ. ದುಡ್ಡು ತೆಗೆದುಕೊಳ್ಳುತ್ತಿಲ್ಲ. ಹಟ್ಟಿಯ ಬಸುರಿಯರನ್ನೂ ವಯಸ್ಸಾದವರನ್ನೂ ಕರೆದರೆ ಒಯ್ಯಬೇಕು ಎಂಬ ಮಾತನ್ನು ಅತ್ತಿಗೆಯೇ ಇಟ್ಟರು, ಅವನು ಒಪ್ಪಿದ. ಅವನ ಮಗನಿಗೆ ಡ್ಯಾಶ್‌ಬೋರ್ಡಿನ ಕೆಳಗೆ ನೀಲಿ ಎಲ್‌ಇಡಿ ಪಟ್ಟಿ ಹಾಕಿಸುವ ಆಸೆಯಂತೆ, ಈ ಎರಡು ಸ್ಪೀಕರು ಸಾಲವು, ವೂಫರ್ ಬೇಕಂತೆ. ಹುಡುಗ ನನ್ನ ಮುಖ ನೋಡುತ್ತ ಸಂಕೋಚದಿಂದ ಕೇಳಿದ. ಹಾಕಿಸಿಕೋ, ವೂಫರಿಗೆ ಬೇರೆ ಫ್ಯೂಸ್ ಹಾಕಿಸು, ಅರ್ತಿಂಗ್ ವೈರು ಮಾತ್ರ ಬ್ಯಾಟರಿಯಿಂದಲೇ ಎಳೆಸು ಎಂದು ಹೇಳಿದ್ದೇನೆ.